ಬೀಳುತ್ತಲೇ ಇರುವ ಭೂಮಿ

"ಭೂಮಿ ಪ್ರತಿ ಕ್ಷಣವೂ ಸೂರ್ಯನ ಕಡೆಗೆ ಬೀಳುತ್ತಲೇ ಇರುತ್ತದೆ" ಎಂದು ನಾನು ಬರಗೂರಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ನಾಗವೇಣಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅವಳಪ್ಪ ಹುಣಸೆಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾರೆಂದು ಪಕ್ಕ ಕೂತವಳು ಹೇಳಿದಳು.

ನಾಗವೇಣಿಯನ್ನು ಅಂಗಳಕ್ಕೆ ಕರೆದೊಯ್ದು ಚೆಂಡು ಎಸೆದು ತೋರಿಸಿದೆ. ಮೆಲ್ಲಗೆ ಎಸೆದರೆ ಹತ್ತಿರ ಬಿತ್ತು, ಜೋರಾಗಿ ಎಸೆದರೆ ದೂರ. "ಭೂಮಿ ಪಕ್ಕಕ್ಕೆ ಎಷ್ಟು ಜೋರಾಗಿ ಓಡ್ತದೆ ಅಂದ್ರೆ, ಬೀಳ್ತಾನೇ ಸೂರ್ಯನ್ನ ಸುತ್ಕೊಂಡು ಹೋಗ್ತದೆ ಕಣಮ್ಮ. ಹೋಗಿ ಬಡಿಯಲ್ಲ" ಎಂದೆ.

ಮರುದಿನ ಅವಳೇ ನನ್ನ ಹತ್ತಿರ ಬಂದಳು. "ಅಪ್ಪಂಗೆ ಹೇಳ್ದೆ ಮಿಸ್. ಭೂಮಿನೇ ಬೀಳ್ತೈತಂತೆ, ಇನ್ನು ನಂದ್ಯಾವ ಲೆಕ್ಕ ಅಂತ ನಕ್ಬುಡ್ತು. ಮರದಿಂದ ಬಿದ್ಮ್ಯಾಲೆ ನೆನ್ನೇನೇ ನಕ್ಕಿದ್ದು."

ಆ ಅಪ್ಪನನ್ನು ನಾನು ಇನ್ನೂ ನೋಡಿಲ್ಲ. ಸಂಜೆ ಶಿರಾ ಬಸ್ಸಿನಲ್ಲಿ ಕೂತಾಗ ಅವರ ನಗು ಹೇಗಿದ್ದಿರಬಹುದು ಎಂದು ಯೋಚಿಸುತ್ತೇನೆ.