ವ್ಯಾನಿನ ರೇಟು

ಒಳಗೆ ಹಾಸಿಗೆ, ಒಲೆ ಇರುವ ಪ್ರವಾಸದ ವ್ಯಾನು ಮಾರುವವರಿಗೆ ಲೈಸೆನ್ಸ್ ಕೊಡುವ ಮೊದಲು ಅಂಗಡಿ ನೋಡಿ ಬರುವುದು ನನ್ನ ಕೆಲಸ. ಕಲಘಟಗಿಯಲ್ಲಿ ಅರ್ಜಿ ಹಾಕಿದ್ದ ಶಿವಪ್ಪ ಮೊದಲು ಎತ್ತಿನ ದಲಾಲಿ ಮಾಡುತ್ತಿದ್ದವರು.

"ರೇಟಿನ ಬೋರ್ಡ್ ಎಲ್ಲೈತ್ರಿ ಯಜಮಾನ್ರ?" ಎಂದೆ.

ಅವರು ಎತ್ತಿನ ಸಂತೆಯಲ್ಲಿ ಮಾಡುವ ಹಾಗೆ ಹೆಗಲ ಟವೆಲ್ಲನ್ನು ನನ್ನ ಕೈಮೇಲೆ ಹಾಕಿ, ಅದರಡಿಯಲ್ಲಿ ಬೆರಳು ಹಿಡಿದು ರೇಟು ತಿಳಿಸಿದರು.

"ಎಲ್ಲಾರ ಮುಂದ ಹೇಳಿದ್ರ ವ್ಯಾಪಾರ ಕೆಡತೈತ್ರಿ ಸಾಹೇಬ್ರ."

"ಬೋರ್ಡ್ ಇಲ್ಲಂದ್ರ ಲೈಸೆನ್ಸ್ ಸಿಗೂದಿಲ್ರಿ," ಎಂದು ಹೇಳಿ ಬಂದೆ.

ಮುಂದಿನ ವಾರ ಹೋದಾಗ ಪ್ರತಿ ವ್ಯಾನಿಗೂ ರೇಟಿನ ಬೋರ್ಡು ತೂಗುತ್ತಿತ್ತು. ಪ್ರತಿ ಬೋರ್ಡಿನ ಮೇಲೂ ಒಂದು ಟವೆಲ್ಲು ಹೊದಿಸಿದ್ದರು.

"ಒಬ್ಬೊಬ್ಬರಿಗೆ ತಗದು ತೋರಸ್ತೇನ್ರಿ," ಎಂದರು.

ಬೋರ್ಡು ಇರಬೇಕೆಂದು ನಿಯಮದಲ್ಲಿದೆ. ಕಾಣಬೇಕೆಂದು ಇದೆಯೇ ಅಂತ ಇನ್ನೂ ಹುಡುಕುತ್ತಿದ್ದೇನೆ.