ವರ್ನ್ ಕೊಪೆಕಿ ಲೈಸೆನ್ಸ್ ಪಡೆದದ್ದು

ಅಮೆರಿಕದ ಟೊಲೀಡೊ ಊರಿನ ನಮ್ಮ ಬೀದಿಯಲ್ಲಿ ವರ್ನ್ ಕೊಪೆಕಿಗೆ ನಾಲ್ಕು ಬಾಡಿಗೆ ಮನೆಗಳಿದ್ದವು. ಕಣ್ಣು ಮಾತ್ರ ಐದನೆಯದರ ಮೇಲೆ. ಅದು ಮಿಸೆಸ್ ಹಾಲೊರನ್ ಎಂಬ ಮುದುಕಿಯ ಕೆಂಪು ಇಟ್ಟಿಗೆಯ ಮನೆ. ಹನ್ನೊಂದು ವರ್ಷಗಳಿಂದ ಹಿಮ ಕರಗಿದ ಕೂಡಲೇ ವರ್ನ್ ಅವರ ಬಾಗಿಲಲ್ಲಿ ನಿಂತು, ಛಾವಣಿ ನೋಡಿ ನಿಟ್ಟುಸಿರು ಬಿಡುತ್ತಿದ್ದ.

"ಇದು ಇನ್ನೆರಡು ಚಳಿಗಾಲ ತಡೆದ್ರೆ ಹೆಚ್ಚು. ನೆಲಮಾಳಿಗೇಲಿ ವಾಸನೆ ಬೇರೆ. ಆದ್ರೂ ನಿಮ್ಮ ಮೇಲಿನ ಗೌರವಕ್ಕೆ ನಾನೇ ತಗೋತೀನಿ."

"ಗೌರವ ನಿನ್ ಹತ್ರಾನೇ ಇಟ್ಕೋ. ಮನೆ ನನ್ ಹತ್ರ ಇರ್ಲಿ."

ಕೊನೆಗೊಮ್ಮೆ, ತಾನೇ ಮನೆ ಮಾರಾಟದ ಏಜೆಂಟ್ ಲೈಸೆನ್ಸ್ ಪಡೆದರೆ ಹೇಗೆ ಎಂಬ ಮಹಾಪ್ರಶ್ನೆ ಅವನಿಗೆ ಎದುರಾಯಿತು. ಕಮಿಷನ್ ಉಳಿಯುತ್ತದೆ, ಮಾರಾಟಕ್ಕೆ ಬಂದ ಮನೆಗಳ ಸುದ್ದಿ ಬೇಗ ಸಿಗುತ್ತದೆ.

"ಬೇಡ ಕಣೋ," ಅಂದೆ. "ಲೈಸೆನ್ಸ್ ಬಂದ್ರೆ ನಿಜ ಹೇಳ್ಬೇಕಾಗತ್ತೆ. ನಿಂಗೆ ಅಭ್ಯಾಸ ಇಲ್ಲ."

ಅವನು ಕೇಳಲಿಲ್ಲ. ಎರಡು ಸಲ ಪರೀಕ್ಷೆಯಲ್ಲಿ ಬಿದ್ದು, ಮೂರನೆಯ ದಂಡಯಾತ್ರೆಯಲ್ಲಿ ಗೆದ್ದ. ಹೊಸ ಕೋಟು ತೊಟ್ಟು, ಹೆಸರಿನ ಕಾರ್ಡು ಹಿಡಿದು, ದಿಗ್ವಿಜಯ ಮಾಡಿ ಬಂದ ಅರಸನಂತೆ ನೇರ ಮಿಸೆಸ್ ಹಾಲೊರನ್ ಮನೆಗೆ ನಡೆದ.

ಆಕೆ ಕನ್ನಡಕ ಏರಿಸಿ ಕಾರ್ಡು ಓದಿದರು. "ಏಜೆಂಟ್ ಆದ್ಯಾ? ಒಳ್ಳೇದಾಯ್ತು. ತಂಗಿ ಊರಿಗೆ ಹೋಗ್ಬಿಡೋಣ ಅಂತಿದ್ದೆ. ಮನೆ ನೀನೇ ಮಾರಿಕೊಡು."

'ಮಾರು' ಎಂಬ ಒಂದೇ ಪದ ವರ್ನ್‌ನ ಕಿವಿಗೆ ಬಿತ್ತು. ಆಕೆಯ ಪರವಾಗಿ ಮಾರಿಕೊಡುವ ಕರಾರಿಗೆ ಅಲ್ಲೇ ಸಹಿ ಹಾಕಿಸಿಕೊಂಡು, ತಾನೂ ಹಾಕಿ, ಕುಣಿಯುತ್ತ ಆಫೀಸಿಗೆ ಹೋದ.

ಅವನು ಏಜೆಂಟಾಗಿ ಸೇರಿದ್ದ ಆ ಆಫೀಸಿನ ಒಡತಿ, ಬ್ರೋಕರ್ ಗ್ಲಿಂಡಾ ಕರಾರು ಓದಿದಳು. "ಈಗ ನೀನು ಆಕೆ ಕಡೆಯವನು. ಆದಷ್ಟು ಜಾಸ್ತಿ ಬೆಲೆ ತರೋದು ನಿನ್ನ ಕರ್ತವ್ಯ."

"ಕೊಳ್ಳೋನು ನಾನೇ ಆದ್ರೆ?"

"ನಿನ್ ಹತ್ರ ನೀನೇ ಚೌಕಾಸಿ ಮಾಡ್ತೀಯಾ? ನನ್ನ ಆಫೀಸಲ್ಲಿ ಅದು ನಡೆಯಲ್ಲ."

ಭಾನುವಾರ ಮನೆ ನೋಡಲು ಜನ ಬಂದರು. ಒಬ್ಬ ದಂತವೈದ್ಯ ಛಾವಣಿ ನೋಡಿ ಮೂಗು ಮುರಿದ. ವರ್ನ್ ಕಣ್ಣುಮುಚ್ಚಿ, ವಿಷ ನುಂಗುವವನಂತೆ ನಿಜ ನುಡಿದ: "ಕಲ್ಲುಹಲಗೆಯ ಛಾವಣಿ, ಸಾರ್. ನಮ್ಮಿಬ್ಬರಿಗಿಂತ ಜಾಸ್ತಿ ಬಾಳತ್ತೆ. ನೆಲಮಾಳಿಗೆ ಒಣಗಿದೆ, ಬೇಕಾದ್ರೆ ಮಲಗಿ ನೋಡಿ."

ಮೂವರು ಪೈಪೋಟಿಗಿಳಿದರು. ಅವರನ್ನು ಹುರಿದುಂಬಿಸಿ ಬೆಲೆ ಏರಿಸಿದವನು ವರ್ನ್. ಏರಿದಾಗಲೆಲ್ಲ ಎದೆ ನೀವಿಕೊಂಡವನೂ ಅವನೇ. ಮನೆ ದಂತವೈದ್ಯನ ಪಾಲಾಯಿತು.

ಬೀಗದ ಕೈ ಒಪ್ಪಿಸುವ ದಿನ ವರ್ನ್ ಎರಡು ಸಲ ಕೈ ಚಾಚಿ, ಎರಡು ಸಲವೂ ಹಿಂದಕ್ಕೆಳೆದುಕೊಂಡ. ಮೂರನೆಯ ಸಲ ದಂತವೈದ್ಯ ವೃತ್ತಿಯ ನಾಜೂಕಿನಿಂದ, ಒಂದೊಂದೇ ಬೆರಳು ಬಿಡಿಸಿ, ಬೀಗದ ಕೈ ಕಿತ್ತುಕೊಂಡ.