ಗುಡುಸಾಬ ವಸ್ತಾದರ ದನಿ

ಬೆಳಗಿನ ಐದು ಗಂಟೆ. ದೇವಣಗಾಂವದ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ಗುಡುಸಾಬ ವಸ್ತಾದರು ಕೆಮ್ಮಣ್ಣು ಅಗೆಯುತ್ತಿದ್ದಾರೆ. ಅರಿಶಿನ, ಎಣ್ಣೆ, ಮಜ್ಜಿಗೆ ಉಂಡ ಮಣ್ಣು. ಸಾಸಿವೆಯೊಂದು ಬಿದ್ದರೆ ಒಗ್ಗರಣೆಯೇ. ನಿನ್ನೆ ಸಿಂದಗಿಯಲ್ಲಿ ಇವರ ಪೈಲ್ವಾನ ಸೋಮನಿಂಗ ಸೋತಿದ್ದಾನೆ. ಸೋತರೆ ಕೊಲ್ಲಾಪುರದಿಂದ ಬೇರೆ ವಸ್ತಾದನನ್ನು ಕರೆಸುತ್ತೇನೆಂದು ಊರ ಹಿರಿಯ ಶ್ರೀಶೈಲಪ್ಪನವರು ಮೊದಲೇ ಹೇಳಿದ್ದರು. ತೀರ್ಪು ಹೇಳಲು ಅವರು ಇಂದು ಬರಬೇಕು.

“ಅವರು ಬರೋತನಕ ಮಣ್ಣ ಯಾಕ ಒಣಗಿಸೋದ್ರಿ?” ಎನ್ನುತ್ತಾರೆ ಗುಡುಸಾಬ.

ವಯಸ್ಸು ಐವತ್ತೆರಡು. ಬಲಗಿವಿ ಕುಸ್ತಿಯಲ್ಲಿ ಮುದುಡಿ ಒಣ ಅಂಜೂರದಂತಾಗಿದೆ. ಹಗಲು ಹತ್ತಿ ಅಂಡಿಗೆ ಹೊರುವ ಕೆಲಸ, ಬೆಳಿಗ್ಗೆ ಸಂಜೆ ಗರಡಿ. ಇಲ್ಲಿ ದಿನಕ್ಕೆ ಐನೂರು ಬೈಠಕ್, ಮುನ್ನೂರು ದಂಡ. ಎಣಿಕೆ ತಪ್ಪಿದವನು ಮತ್ತೆ ಒಂದರಿಂದ ಶುರುಮಾಡಬೇಕು. ಎಪ್ಪತ್ತೆರಡರ ಬರದಲ್ಲಿ ಪೈಲ್ವಾನರ ಹಾಲು ನಿಂತಿತು, ಬೈಠಕ್ ನಿಲ್ಲಲಿಲ್ಲ.

“ತೋಳ ಎಲ್ಲಾರಿಗೂ ಇರ್ತಾವ್ರಿ. ಅರ್ಧ ತಾಸ ಆದಮ್ಯಾಲ ದಮ್ಮ ಯಾರಿಗಿ ಐತಿ, ಅದನ್ನ ನೋಡಬೇಕು.”

ನಿನ್ನೆ ದಮ್ಮಿಗೆ ಕೊರತೆಯಿರಲಿಲ್ಲ. ತೊಂದರೆ ಬೇರೆ. ಎದುರಾಳಿ ಯಂಕಂಚಿಯ ರಾಚಪ್ಪ ಎಂಟು ವರ್ಷ ಇದೇ ಮಣ್ಣಿನಲ್ಲಿ ಉರುಳಿದವನು. ಮದುವೆಯಾಗಿ ಹೆಂಡತಿಯ ಊರಿಗೆ ಹೋಗಿ, ಆ ಊರಿನ ಪರವಾಗಿ ಕಣಕ್ಕಿಳಿದಿದ್ದ. ಇದು ಸುತ್ತಲಿನ ಹಳ್ಳಿಗೆಲ್ಲ ಗೊತ್ತು. ಕಣದ ಅಂಚಿಗೆ ಕುಳಿತ ವಸ್ತಾದರಿಗೆ ಮಾತ್ರ ಹುರುಪಿನಲ್ಲಿ ಮರೆತುಹೋಯಿತು. “ಎಡಗಾಲ ಹಿಡಿ” ಎಂದು ಕೂಗಿದರೆ ಇಬ್ಬರೂ ಎಡಗಾಲಿಗೆ ಬಗ್ಗುತ್ತಾರೆ. “ಅವಸರ ಬ್ಯಾಡ, ಉಸಿರ ತುಗೋ” ಎಂದರೆ ಇಬ್ಬರೂ ನಿಂತು, ವಿನಯದಿಂದ, ಉಸಿರು ತೆಗೆದುಕೊಳ್ಳುತ್ತಾರೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಲವತ್ತೆರಡನೆಯ ನಿಮಿಷಕ್ಕೆ “ಸೊಂಟಕ್ಕ ಕೈ ಹಾಕು” ಎಂಬ ಕೂಗು ಬಂತು. ಮೊದಲು ಹಾಕಿದವನು ರಾಚಪ್ಪ. ಸೋಮನಿಂಗನ ಬೆನ್ನು ಮಣ್ಣು ಮುಟ್ಟಿತು.

“ವಸ್ತಾದರ ಮಾತ ನಾನೂ ಕೇಳಿದೆರಿ,” ಎನ್ನುತ್ತಾನೆ ಸೋಮನಿಂಗ, ನೋಯುವ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ. “ಅಂವ ನನಗಿಂತ ಮೊದಲಿಂದ ಕೇಳಿದಾಂವ.”

ಏಳಕ್ಕೆ ಶ್ರೀಶೈಲಪ್ಪನವರು ಬರುತ್ತಾರೆ. ಗುಡುಸಾಬ ಗುದ್ದಲಿ ಇಳಿಸಿ ನಿಲ್ಲುತ್ತಾರೆ.

“ಕೊಲ್ಲಾಪುರದಾಂವನ್ನ ಕುಸ್ತಿ ನೋಡಾಕ ಮೊದಲ ಕರಸಿದ್ದೆ. ನಿನ್ನೆ ನನ್ನ ಮಗ್ಗಲಾಗ ಕುಂತಿದ್ದ,” ಎನ್ನುತ್ತಾರೆ ಹಿರಿಯರು. “ಸೋತಾಂವನ್ನ ತಯಾರ ಮಾಡಿದವರು ಯಾರು ಅಂದ. ಗುಡುಸಾಬ ಅಂದೆ. ಗೆದ್ದಾಂವನ್ನ ಅಂದ. ಗುಡುಸಾಬ ಅಂದೆ. ಮತ್ತ ನನ್ನ ಯಾಕ ಕರಸೀರಿ ಅಂದವನ, ಚಹಾ ಕುಡದು ಬಸ್ ಹತ್ತಿದ. ನೀ ಮಣ್ಣ ಅಗಿಯೋ ಮಾರಾಯ.”

ಗುಡುಸಾಬ ಮತ್ತೆ ಗುದ್ದಲಿ ಎತ್ತಿಕೊಳ್ಳುತ್ತಾರೆ. ಮುಂದಿನ ಆಸೆಯೇನೆಂದು ಕೇಳಿದರೆ ನಾಚಿಕೊಳ್ಳುತ್ತಾರೆ.

“ದೊಡ್ಡದೇನಿಲ್ರಿ. ಮುಂದಿನ ಕುಸ್ತಿಗಿ ಬಾಯಿ ಮುಚ್ಚಿಕೊಂಡು ಕುಂದರಬೇಕು.”

ಹಾಲಿನ ಚೆಂಬು ಹಿಡಿದು ಬಂದ ಹೆಂಡತಿ ಶಮಶಾದಬಿ ಬಾಗಿಲಲ್ಲೇ ನಿಲ್ಲುತ್ತಾರೆ.

“ನಾ ಮೂವತ್ತ ವರ್ಷದಿಂದ ಅದನ್ನ ಹೇಳಾಕತ್ತೇನ್ರಿ.”